ಕುರಿ, ಮೇಕೆಗೆ ಇಟಿ ಲಸಿಕೆ: ದಿನ ಎಣಿಸುವುದರಿಂದ ಸೂಜಿ ಬಿಸಾಡುವವರೆಗೆ

"ಲಸಿಕೆ ಹಾಕಿಸಿದ್ದೆವು, ಆದರೂ ಚೆನ್ನಾಗಿದ್ದ ಮರಿ ರಾತ್ರೋರಾತ್ರಿ ಸತ್ತುಹೋಯಿತು, ಯಾಕೆ?" ಬೇಸಿಗೆ ಮಳೆ ಶುರುವಾದರೆ ಹೊಸಕೋಟೆ, ದೇವನಹಳ್ಳಿ, ನೆಲಮಂಗಲ, ಆನೇಕಲ್ ಕಡೆಯ ಓದುಗರಿಂದ ಈ ಪ್ರಶ್ನೆ ತಪ್ಪುವುದಿಲ್ಲ. ಬಕ್ರೀದ್‌ಗೆಂದು ನಗರದೊಳಗೇ ಟೆರೇಸ್ ಮೇಲೆ, ಖಾಲಿ ಸೈಟಿನಲ್ಲಿ ನಾಲ್ಕಾರು ಹೋತ ಸಾಕುವವರೂ ಕೇಳುತ್ತಾರೆ. ವಿಚಾರಿಸುತ್ತ ಹೋದರೆ ಹೆಚ್ಚಿನ ಕಡೆ ಸಿಗುವ ಉತ್ತರ ಒಂದೇ: ಹಾಕಿಸಿದ್ದು ಒಂದು ಡೋಸ್. ಇಲ್ಲವೇ ಬಾಟಲಿ ಫ್ರಿಜ್ಜಿನಲ್ಲಿ ಹೆಪ್ಪುಗಟ್ಟಿತ್ತು. ಅಪರೂಪಕ್ಕೆ, ಸತ್ತದ್ದು ಲಸಿಕೆ ತಡೆಯುವ ರೋಗದಿಂದಲೇ ಅಲ್ಲ.

ಈ ಲೇಖನ ಮುಖ್ಯವಾಗಿ ಕುರಿ, ಮೇಕೆಯ ಕರುಳು ಬೇನೆ ತಡೆಯುವ ಇಟಿ ಲಸಿಕೆಯ ಬಗ್ಗೆ. ಕೊನೆಯಲ್ಲಿ ದನ, ಎಮ್ಮೆಯ ಚಪ್ಪೆ ಬೇನೆಯ ವಿಷಯವೂ ಚಿಕ್ಕದಾಗಿ ಇದೆ. ಲಸಿಕೆ ಹಾಕುವ ಕೆಲಸ ಪಶುವೈದ್ಯರದ್ದು, ಅಥವಾ ಅವರ ನಿರ್ದೇಶನದಲ್ಲಿ ತರಬೇತಿ ಪಡೆದವರದ್ದು. ಆದರೆ ದಿನ ಗೊತ್ತುಮಾಡುವುದು, ಬಾಟಲಿಯನ್ನು ತಣ್ಣಗೆ ಇಡುವುದು, ಹಿಂಡನ್ನು ಸಿದ್ಧಮಾಡುವುದು, ಲೆಕ್ಕ ಬರೆಯುವುದು ಸಾಕುವವರ ಕೈಯಲ್ಲೇ ಇರುತ್ತದೆ. ಕೆಡುವುದೂ ಸಾಮಾನ್ಯವಾಗಿ ಅಲ್ಲೇ.

ರೋಗ ಯಾವುದು?

ಇಟಿ ಅಂದರೆ ಎಂಟರೋಟಾಕ್ಸಿಮಿಯಾ. ಕನ್ನಡದಲ್ಲಿ ಕರುಳು ಬೇನೆ ಎನ್ನುತ್ತಾರೆ. ಕ್ಲಾಸ್ಟ್ರಿಡಿಯಂ ಎಂಬ ಬ್ಯಾಕ್ಟೀರಿಯಾ ಕುಲದಲ್ಲಿ ಹಲವು ಜಾತಿಗಳಿವೆ. ಪರ್ಫ್ರಿಂಜೆನ್ಸ್ ಎಂಬುದರ ಡಿ ವಿಧದಿಂದ ಕರುಳು ಬೇನೆ, ಶೋವಿಯೈ ಎಂಬುದರಿಂದ ಚಪ್ಪೆ ಬೇನೆ, ಟೆಟನಿಯಿಂದ ಧನುರ್ವಾಯು. ಮೂರೂ ಬೀಜಕಣಗಳ ರೂಪದಲ್ಲಿ ಮಣ್ಣಿನಲ್ಲಿ ವರ್ಷಗಟ್ಟಲೆ ಬದುಕುತ್ತವೆ. ಬೀಜಕಣ ಅಂದರೆ ಗಟ್ಟಿ ಕವಚ ಹೊದ್ದು ಮಲಗಿರುವ ಬ್ಯಾಕ್ಟೀರಿಯಾ. ಬಿಸಿಲು, ಬರ ಅದಕ್ಕೆ ಲೆಕ್ಕಕ್ಕಿಲ್ಲ. ಕೊಟ್ಟಿಗೆ ಎಷ್ಟೇ ತೊಳೆದರೂ ಇದನ್ನು ಹೊರಗಿಡಲಾಗದು.

ಡಿ ವಿಧದ ಬ್ಯಾಕ್ಟೀರಿಯಾ ಆರೋಗ್ಯವಂತ ಕುರಿಯ ಕರುಳಿನಲ್ಲೂ ಸ್ವಲ್ಪ ಇರುತ್ತದೆ. ಹಸಿದ ಮರಿ ಒಮ್ಮೆಲೇ ಕಾಳು, ನುಚ್ಚು, ಅನ್ನ ಅಥವಾ ಎಳೆ ಹುಲ್ಲು ತಿಂದಾಗ ಜೀರ್ಣವಾಗದ ಪಿಷ್ಟ ಸಣ್ಣ ಕರುಳಿಗೆ ಇಳಿಯುತ್ತದೆ. ಬ್ಯಾಕ್ಟೀರಿಯಾ ಅಲ್ಲಿ ವೇಗವಾಗಿ ಹೆಚ್ಚಿ ಎಪ್ಸಿಲಾನ್ ಎಂಬ ವಿಷ ಸುರಿಸುತ್ತದೆ. ಅದು ರಕ್ತಕ್ಕೆ ಸೇರಿ ಮಿದುಳು, ಮೂತ್ರಪಿಂಡಗಳ ರಕ್ತನಾಳ ಕೆಡಿಸುತ್ತದೆ. ಮರಿ ಸುತ್ತು ತಿರುಗುತ್ತದೆ, ಗೋಡೆಗೆ ತಲೆ ಒತ್ತುತ್ತದೆ, ಕತ್ತು ಹಿಂದಕ್ಕೆ ಬಾಗಿ ಕಾಲು ಬಡಿಯುತ್ತದೆ, ಕೆಲವೇ ಗಂಟೆಗಳಲ್ಲಿ ಸಾಯುತ್ತದೆ. ಮೇಕೆಗಳಲ್ಲಿ ನೀರಿನಂಥ ಭೇದಿ, ಹೊಟ್ಟೆನೋವಿನ ಅರಚಾಟ ಹೆಚ್ಚು. ಹಿಂಡಿನಲ್ಲಿ ಎಲ್ಲಕ್ಕಿಂತ ದಷ್ಟಪುಷ್ಟವಾದದ್ದೇ ಮೊದಲು ಹೋಗುವುದು ಇದೇ ಕಾರಣಕ್ಕೆ: ಹೆಚ್ಚು ತಿಂದದ್ದು ಅದೇ. ರಕ್ತಕ್ಕೆ ಸೇರಿದ ವಿಷವನ್ನು ಆ್ಯಂಟಿಬಯೋಟಿಕ್ ತೆಗೆಯಲಾರದು. ಹಾಗಾಗಿ ಚಿಕಿತ್ಸೆಯನ್ನು ನೆಚ್ಚುವಂತಿಲ್ಲ, ಲಸಿಕೆಯೇ ಗತಿ.

ಇಟಿ ಲಸಿಕೆ ಟಾಕ್ಸಾಯ್ಡ್ ಬಗೆಯದು, ಅಂದರೆ ವಿಷದ ಕೇಡು ತೆಗೆದು ಅದರ ಗುರುತು ಮಾತ್ರ ಉಳಿಸಿಕೊಂಡದ್ದು. ದೇಹ ಆ ಗುರುತು ಹಿಡಿದು ಪ್ರತಿಕಾಯ ತಯಾರಿಸುತ್ತದೆ. ಮೊದಲ ಡೋಸ್ ಪರಿಚಯ ಮಾಡಿಸುತ್ತದೆ ಅಷ್ಟೇ. ರಕ್ಷಣೆಗೆ ಸಾಕಾಗುವಷ್ಟು ಪ್ರತಿಕಾಯ ಬರುವುದು ಬೂಸ್ಟರ್, ಅಂದರೆ ಎರಡನೇ ಡೋಸ್ ಹಾಕಿ ಸುಮಾರು ಎರಡು ವಾರವಾದ ಮೇಲೆ. ಈ ಲೇಖನದಲ್ಲಿ ಒಂದೇ ಒಂದು ವಾಕ್ಯ ನೆನಪಿಡುವುದಾದರೆ ಇದನ್ನು ಇಟ್ಟುಕೊಳ್ಳಿ.

ಬೇಕಾಗುವ ಸಾಮಾನು

ಲಸಿಕೆ ಬಾಟಲಿ, ಐಸ್ ಪ್ಯಾಕ್ ಇರುವ ಲಸಿಕೆ ಪೆಟ್ಟಿಗೆ (ಇಲ್ಲದಿದ್ದರೆ ದಪ್ಪ ಥರ್ಮೋಕೋಲ್ ಡಬ್ಬ), ಫ್ರಿಜ್ ಥರ್ಮಾಮೀಟರ್, 5 ಅಥವಾ 10 ಮಿ.ಲೀ. ಸಿರಿಂಜ್, ದೊಡ್ಡ ಕುರಿಗೆ 18 ಗೇಜ್ ಸೂಜಿ, ಸಣ್ಣ ಮರಿಗೆ 20 ಗೇಜ್. ಗೇಜ್ ಅಂದರೆ ಸೂಜಿಯ ದಪ್ಪ. ಅಂಕಿ ಹೆಚ್ಚಾದಷ್ಟು ಸೂಜಿ ಸಣ್ಣ. ಉದ್ದ ಅರ್ಧದಿಂದ ಮುಕ್ಕಾಲು ಇಂಚು ಇದ್ದರೆ ಒಳ್ಳೆಯದು, ಒಂದು ಇಂಚಿನದ್ದೇ ಸಿಕ್ಕರೆ ಓರೆಯಾಗಿ ಹಾಕಬೇಕು. ಸೂಜಿಗಳನ್ನು ಧಾರಾಳವಾಗಿ ತನ್ನಿ. ಜೊತೆಗೆ ಗುರುತಿಗೆ ಬಣ್ಣ, ನೋಟ್‌ಬುಕ್ಕು, ಬಳಸಿದ ಸೂಜಿ ಹಾಕಲು ಮುಚ್ಚಳವಿರುವ ಗಟ್ಟಿ ಪ್ಲಾಸ್ಟಿಕ್ ಡಬ್ಬ.

ಹಂತ 1: ಅಪಾಯದ ದಿನದಿಂದ ಹಿಂದಕ್ಕೆ ಎಣಿಸಿ

"ಮಳೆಗಾಲಕ್ಕೆ ಮುಂಚೆ ಹಾಕಿಸಿ" ಎನ್ನುವ ಮಾತು ಎಲ್ಲರಿಗೂ ಗೊತ್ತು. ಬಹಳ ಜನ ಅದನ್ನು ಮೇ ಕೊನೆ ಎಂದು ಅರ್ಥಮಾಡಿಕೊಳ್ಳುತ್ತಾರೆ. ಬೆಂಗಳೂರಿನ ಸುತ್ತ ಜೂನ್ ತನಕ ಹುಲ್ಲು ಕಾಯುವುದಿಲ್ಲ. ಭರಣಿ ಮಳೆ ಏಪ್ರಿಲ್ ಕೊನೆಯ ವಾರದಿಂದ ಮೇ 10ರವರೆಗೆ. ಅದು ಎರಡು ಸಲ ಚೆನ್ನಾಗಿ ಬಿದ್ದರೆ ಬದುಗಳಲ್ಲಿ ಹಸಿರು ಏಳುತ್ತದೆ.

ಮೇ 10ಕ್ಕೆ ಎಳೆ ಹುಲ್ಲು ಸಿಗುತ್ತದೆ ಎಂದುಕೊಳ್ಳಿ. ಅದಕ್ಕೆ 14 ದಿನ ಮುಂಚೆ, ಏಪ್ರಿಲ್ 26ರೊಳಗೆ ಬೂಸ್ಟರ್ ಆಗಿರಬೇಕು. ಅದಕ್ಕೂ 21 ದಿನ ಹಿಂದೆ, ಏಪ್ರಿಲ್ 5ಕ್ಕೆ ಮೊದಲ ಡೋಸ್. ಹೊಟ್ಟೆಹುಳದ ಔಷಧಿ ಇನ್ನೂ 10ರಿಂದ 14 ದಿನ ಹಿಂದೆ, ಅಂದರೆ ಮಾರ್ಚ್ ಕೊನೆ. ಯುಗಾದಿಯ ಆಸುಪಾಸಿನಲ್ಲಿ ಕೆಲಸ ಶುರುವಾಗಬೇಕು ಎಂದು ಇಟ್ಟುಕೊಂಡರೆ ಲೆಕ್ಕ ತಪ್ಪುವುದಿಲ್ಲ. ಎರಡು ಡೋಸ್‌ಗಳ ನಡುವಿನ ಅಂತರ ಕೆಲವು ಲೇಬಲ್‌ಗಳಲ್ಲಿ 14 ದಿನ, ಕೆಲವದರಲ್ಲಿ 21 ದಿನ ಅಥವಾ ಹೆಚ್ಚು ಇರುತ್ತದೆ. ನಿಮ್ಮ ಬಾಟಲಿ ಹೇಳಿದ್ದೇ ಅಂತಿಮ.

ಹೋದ ವರ್ಷ ಎರಡೂ ಡೋಸ್ ಸರಿಯಾಗಿ ಆಗಿರುವ ಕುರಿಗಳಿಗೆ ಈ ವರ್ಷ ಒಂದೇ ಡೋಸ್ ಸಾಕು. ಅದನ್ನು ಏಪ್ರಿಲ್ ಮೂರನೇ ವಾರ ಹಾಕಿಸಿ. ಮೇಕೆಗಳ ವಿಷಯ ಬೇರೆ. ಅವುಗಳಲ್ಲಿ ಈ ಲಸಿಕೆಯ ರಕ್ಷಣೆ ಬೇಗ ಇಳಿಯುತ್ತದೆ, ಹಾಗಾಗಿ ಆರು ತಿಂಗಳಿಗೊಮ್ಮೆ ಹಾಕಿಸುವುದು ಕ್ಷೇಮ. ನಮ್ಮ ಕಡೆ ಅದಕ್ಕೊಂದು ಅನುಕೂಲವೂ ಇದೆ. ರಾಗಿ ಕೊಯ್ಲಾದ ಮೇಲೆ ಹೊಲಕ್ಕೆ ಬಿಟ್ಟ ಆಡು, ಕುರಿ ಉದುರಿದ ತೆನೆಯನ್ನೇ ಹುಡುಕಿ ಹುಡುಕಿ ಮೇಯುತ್ತವೆ. ಅದು ವರ್ಷದ ಎರಡನೇ ಅಪಾಯದ ಕಾಲ. ಅಕ್ಟೋಬರ್ ಕೊನೆಗೆ ಮೇಕೆಗಳ ಎರಡನೇ ಸುತ್ತು ಮುಗಿಸಿದರೆ ರಾಗಿ ಹೊಲಕ್ಕೆ ಬಿಡುವ ಹೊತ್ತಿಗೆ ರಕ್ಷಣೆ ಇರುತ್ತದೆ.

ಗಬ್ಬದ ಕುರಿಗೆ ಈಯುವ ನಾಲ್ಕು ವಾರ ಮುಂಚೆ, ಅಂದರೆ ಗಬ್ಬದ ನಾಲ್ಕನೇ ತಿಂಗಳಲ್ಲಿ ಒಂದು ಡೋಸ್ ಬಿದ್ದರೆ ಅದರ ಪ್ರತಿಕಾಯ ಗಿಣ್ಣುಹಾಲಿನಲ್ಲಿ ಮರಿಗೆ ಇಳಿಯುತ್ತದೆ. ಹುಟ್ಟಿದ ಒಂದೆರಡು ಗಂಟೆಯಲ್ಲಿ ಗಿಣ್ಣು ಕುಡಿದ ಮರಿಗೆ ಮಾತ್ರ ಇದರ ಲಾಭ. ಅಂಥ ಮರಿಗೆ ಸ್ವಂತ ಲಸಿಕೆ ನಾಲ್ಕು ತಿಂಗಳಿಗೆ. ಅದಕ್ಕಿಂತ ಬಹಳ ಮೊದಲೇ ಹಾಕಿದರೆ ತಾಯಿಯಿಂದ ಬಂದ ಪ್ರತಿಕಾಯವೇ ಲಸಿಕೆಗೆ ಅಡ್ಡ ಬರುತ್ತದೆ. ತಾಯಿಗೆ ಲಸಿಕೆಯೇ ಆಗಿಲ್ಲ ಅಂದರೆ ನಾಲ್ಕು ತಿಂಗಳು ಕಾಯುವಂತಿಲ್ಲ, ಎಷ್ಟು ಬೇಗ ಶುರುಮಾಡಬೇಕೆಂದು ವೈದ್ಯರನ್ನು ಕೇಳಿ.

ಹೊರಗಿನಿಂದ ಕೊಂಡು ತಂದವುಗಳಿಗೆ ಲೆಕ್ಕ ಇನ್ನೊಂದು. ಅಮೀನಗಡದ ಸಂತೆಯ ಟಗರಾಗಲಿ, ರಾಜಸ್ಥಾನದ ಲಾರಿಯಲ್ಲಿ ಬಂದ ಶಿರೋಹಿ ಹೋತವಾಗಲಿ, ಮಾರಿದವರು ಏನೇ ಹೇಳಿದರೂ "ಲಸಿಕೆ ಆಗಿಲ್ಲ" ಎಂದೇ ಹಿಡಿಯಿರಿ. ಬಂದ ದಿನವೇ ಸೂಜಿ ಬೇಡ. ನಾಲ್ಕೈದು ದಿನ ನೀರು, ಒಣಮೇವು, ವಿಶ್ರಾಂತಿ. ಐದನೇ ದಿನ ಜಂತುನಾಶಕ. ಹದಿನೈದನೇ ದಿನದ ಹೊತ್ತಿಗೆ ಮೊದಲ ಡೋಸ್, ಮೂವತ್ತಾರನೇ ದಿನ ಬೂಸ್ಟರ್. ಐವತ್ತನೇ ದಿನದ ಮೇಲೆ ಮಾತ್ರ ಹಿಂಡಿ, ನುಚ್ಚನ್ನು ಪೂರ್ಣ ಪ್ರಮಾಣಕ್ಕೆ ಏರಿಸಿ. ಬಕ್ರೀದ್ ವರ್ಷಕ್ಕೆ ಸುಮಾರು 11 ದಿನ ಹಿಂದೆ ಸರಿಯುತ್ತ ಹೋಗುವುದರಿಂದ ಹಳೆಯ ವರ್ಷದ ತಾರೀಕು ನಂಬದೆ ಪ್ರತಿ ಸಲ ಹೊಸದಾಗಿ ಎಣಿಸಬೇಕು. ಕೊನೆಯ ಡೋಸ್‌ಗೂ ವಧೆಯ ದಿನಕ್ಕೂ ಕನಿಷ್ಠ ಮೂರು ವಾರ ಅಂತರವಿರಲಿ, ಲೇಬಲ್ ಇನ್ನೂ ಹೆಚ್ಚು ಹೇಳಿದ್ದರೆ ಅಷ್ಟು.

ಹಂತ 2: ಎಷ್ಟು ಬೇಕು, ಎಲ್ಲಿ ಸಿಗುತ್ತದೆ

ತಾಲ್ಲೂಕಿನ ಪಶು ಆಸ್ಪತ್ರೆ, ಹೋಬಳಿಯ ಚಿಕಿತ್ಸಾಲಯಗಳಲ್ಲಿ ಮೊದಲು ವಿಚಾರಿಸಿ. ಒಂದು ತಿಂಗಳು ಮುಂಚೆಯೇ ತಲೆ ಲೆಕ್ಕ ಕೊಟ್ಟಿದ್ದರೆ ಅವರಿಗೂ ತರಿಸಲು ಸುಲಭ. ಹೆಬ್ಬಾಳದಲ್ಲಿರುವ ಪಶು ಆರೋಗ್ಯ ಮತ್ತು ಪಶುವೈದ್ಯಕೀಯ ಜೈವಿಕ ಸಂಸ್ಥೆಯಲ್ಲೇ ಇಂಥ ಲಸಿಕೆಗಳು ತಯಾರಾಗುತ್ತವೆ. ದನಗಳ ದೊಡ್ಡರೋಗ, ಅಂದರೆ ರಿಂಡರ್‌ಪೆಸ್ಟ್‌ಗೆ ಸೀರಮ್ ಮಾಡಲೆಂದು 1925ರಲ್ಲಿ ಮೈಸೂರು ಸೀರಮ್ ಸಂಸ್ಥೆಯಾಗಿ ಶುರುವಾದದ್ದು ಅದು. ದೊಡ್ಡರೋಗವನ್ನು 2011ರಲ್ಲಿ ಜಗತ್ತಿನಿಂದಲೇ ನಿರ್ಮೂಲವಾಯಿತೆಂದು ಘೋಷಿಸಿದರು. ಕರುಳು ಬೇನೆಯನ್ನು ಹಾಗೆ ಅಳಿಸಲಾಗದು, ಅದು ಮಣ್ಣಿನಲ್ಲೇ ಇದೆ.

ಡೋಸ್ ತಯಾರಕರಿಂದ ತಯಾರಕರಿಗೆ ಬದಲಾಗುತ್ತದೆ. ಒಂದರಲ್ಲಿ 2 ಮಿ.ಲೀ. ಇದ್ದರೆ ಇನ್ನೊಂದರಲ್ಲಿ 5 ಮಿ.ಲೀ. ಇರಬಹುದು. ಪಕ್ಕದ ಮನೆಯವರು ಹೇಳಿದ ಪ್ರಮಾಣ ನಂಬಬೇಡಿ, ಲೇಬಲ್ ಓದಿ. 45 ತಲೆಗೆ 2 ಮಿ.ಲೀ.ನಂತೆ 90, ಸೋರಿಕೆಗೆ ಹತ್ತನೇ ಒಂದು ಭಾಗ ಸೇರಿಸಿದರೆ 99, 100 ಮಿ.ಲೀ. ಬಾಟಲಿ ಒಂದು ಸಾಕು. ಅದೇ ಡೋಸ್ 5 ಮಿ.ಲೀ. ಆಗಿದ್ದರೆ 225, ಮೂರು ಬಾಟಲಿ ಬೇಕು. ಮರಿ ಸಣ್ಣದೆಂದು ಅರ್ಧ ಡೋಸ್ ಹಾಕುವುದು ಬಹಳ ಕಡೆ ಕಾಣುವ ತಪ್ಪು. ಲಸಿಕೆ ಔಷಧಿಯಂತೆ ತೂಕ ನೋಡಿ ಕೊಡುವಂಥದ್ದಲ್ಲ. ಲೇಬಲ್‌ನಲ್ಲೇ ಮರಿಗೆ ಬೇರೆ ಅಳತೆ ಇದ್ದರೆ ಸರಿ, ಇಲ್ಲವಾದರೆ ಪೂರ್ತಿ ಡೋಸ್.

ಆರು ಮೇಕೆ ಇರುವವರಿಗೆ 100 ಮಿ.ಲೀ. ಬಾಟಲಿ ದಂಡ. ತೆರೆದ ಬಾಟಲಿಯನ್ನು ಮುಂದಿನ ತಿಂಗಳ ಬೂಸ್ಟರ್‌ಗೆಂದು ಎತ್ತಿಡುವ ಆಸೆ ಬರುತ್ತದೆ. ಬೇಡ. ಸೂಜಿ ಒಮ್ಮೆ ಒಳಗೆ ಹೋದ ಮೇಲೆ ಕೊಳೆಯೂ ಒಳಗೆ ಹೋಗಿರುತ್ತದೆ, ಅಂದೇ ಖಾಲಿಯಾಗಬೇಕು. ಬೀದಿಯಲ್ಲಿ, ಊರಲ್ಲಿ ಮೂರು ನಾಲ್ಕು ಮನೆಯವರು ಸೇರಿ ಒಂದೇ ಬೆಳಗ್ಗೆ ಹಾಕಿಸಿಕೊಳ್ಳುವುದೇ ದಾರಿ.

ಬಾಟಲಿ ಕೊಳ್ಳುವಾಗ ಅವಧಿ ಮುಗಿಯುವ ತಾರೀಕು, ಬ್ಯಾಚ್ ಸಂಖ್ಯೆ ನೋಡಿ. ಯಾವ ರೋಗಕ್ಕೆಂದು ಓದಿ. ಇಟಿ ಎಂದಷ್ಟೇ ಬರೆದಿದ್ದರೆ ಅದರಲ್ಲಿ ಧನುರ್ವಾಯು ರಕ್ಷಣೆ ಇಲ್ಲ. ಹಿಡ ಒಡೆಸುವುದಿದ್ದರೆ, ಅಂದರೆ ಬೀಜ ಒತ್ತಿಸುವುದಿದ್ದರೆ, ಧನುರ್ವಾಯು ಟಾಕ್ಸಾಯ್ಡ್ ಬೇರೆಯಾಗಿಯೇ ಕೇಳಬೇಕು.

ಹಂತ 3: ತಣ್ಣಗಿಡಿ, ಹೆಪ್ಪುಗಟ್ಟಿಸಬೇಡಿ

ಲಸಿಕೆ ಇರಬೇಕಾದದ್ದು 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಬಿಸಿ ತಾಗಿದರೆ ಕೆಡುತ್ತದೆ ಎಂಬುದು ಎಲ್ಲರಿಗೂ ಗೊತ್ತು, ಅದಕ್ಕೇ ಭಯಬಿದ್ದು ಫ್ರೀಜರ್‌ನಲ್ಲಿ ಇಡುತ್ತಾರೆ. ಅನಾಹುತ ಆಗುವುದು ಅಲ್ಲಿ. ಈ ಲಸಿಕೆಗಳಲ್ಲಿ ಆಲಮ್, ಅಂದರೆ ಪಟಿಕದ ಜಾತಿಯ ಲವಣ ಇರುತ್ತದೆ. ಟಾಕ್ಸಾಯ್ಡ್ ಅದರ ಸೂಕ್ಷ್ಮ ಕಣಗಳಿಗೆ ಅಂಟಿಕೊಂಡಿರುತ್ತದೆ. ಒಮ್ಮೆ ಹೆಪ್ಪುಗಟ್ಟಿದರೆ ಕಣಗಳು ಒಂದಕ್ಕೊಂದು ಕೂಡಿ ಗಂಟಾಗುತ್ತವೆ, ಮತ್ತೆ ಕರಗಿಸಿದರೂ ಗುಣ ಮರಳುವುದಿಲ್ಲ.

ಗೊಂದಲಕ್ಕೆ ಇನ್ನೊಂದು ಕಾರಣ ಪಿಪಿಆರ್ ಎಂಬ, ಕುರಿ, ಮೇಕೆಯ ವೈರಾಣು ರೋಗದ ಲಸಿಕೆ. ಅದು ಜೀವಂತ ವೈರಾಣುವಿನ ಒಣ ಪುಡಿ, ಫ್ರೀಜರ್‌ನಲ್ಲಿ ಇಟ್ಟರೂ ನಡೆಯುತ್ತದೆ. ಎರಡನ್ನೂ ಒಂದೇ ದಿನ ತಂದು ಒಂದೇ ಫ್ರೀಜರ್‌ಗೆ ತುರುಕಿದರೆ ಪಿಪಿಆರ್ ಉಳಿಯುತ್ತದೆ, ಇಟಿ ಸಾಯುತ್ತದೆ.

ಸಿಂಗಲ್ ಡೋರ್ ಫ್ರಿಜ್ಜಿನಲ್ಲಿ ಫ್ರೀಜರ್ ಕೆಳಗಿನ ಟ್ರೇ ಮತ್ತು ಹಿಂಬದಿಯ ಗೋಡೆ ಸೊನ್ನೆಗಿಂತ ಕೆಳಗಿಳಿಯಬಹುದು. ಬಾಗಿಲಿನ ಕಡೆ ಬಿಸಿ ಹೆಚ್ಚು. ಮಧ್ಯದ ತಟ್ಟೆಯ ನಡುವೆ, ರಟ್ಟಿನ ಡಬ್ಬದೊಳಗೆ, ಪಕ್ಕದಲ್ಲಿ ಥರ್ಮಾಮೀಟರ್ ಇಟ್ಟು ಇಡಿ. ಒಂದೆರಡು ನೀರಿನ ಬಾಟಲಿ ಫ್ರಿಜ್ಜಿನಲ್ಲಿ ಇದ್ದರೆ ಕರೆಂಟ್ ಹೋದಾಗ ತಂಪು ಹೆಚ್ಚು ಹೊತ್ತು ನಿಲ್ಲುತ್ತದೆ.

ಸಾಗಿಸುವಾಗ: ಐಸ್ ಪ್ಯಾಕನ್ನು ಫ್ರೀಜರ್‌ನಿಂದ ತೆಗೆದ ತಕ್ಷಣ ಪೆಟ್ಟಿಗೆಗೆ ಹಾಕಬೇಡಿ. ಅಲುಗಾಡಿಸಿದರೆ ಒಳಗೆ ನೀರಿನ ಸದ್ದು ಕೇಳುವವರೆಗೆ ಹೊರಗೆ ಬಿಟ್ಟು, ಬಟ್ಟೆಯಿಂದ ಒರೆಸಿ, ಬಾಟಲಿಗೆ ನ್ಯೂಸ್ ಪೇಪರ್ ಸುತ್ತಿ ಆಮೇಲೆ ಜೋಡಿಸಿ. ಹೆಬ್ಬಾಳದಿಂದ ಆನೇಕಲ್‌ಗೆ ಎಷ್ಟು ಹೊತ್ತು ಎಂದು ನಕ್ಷೆ ಹೇಳಿದ್ದನ್ನು ನೆಚ್ಚದೆ ಟ್ರಾಫಿಕ್ ಲೆಕ್ಕವನ್ನೂ ಸೇರಿಸಿಕೊಳ್ಳಿ. ಬೈಕಿನ ಡಿಕ್ಕಿ, ಕಾರಿನ ಡ್ಯಾಶ್‌ಬೋರ್ಡ್, ಪ್ಯಾಂಟಿನ ಜೇಬು, ಇವು ಮೂರೂ ಏಪ್ರಿಲ್‌ನಲ್ಲಿ ಲಸಿಕೆ ಇಡುವ ಜಾಗಗಳಲ್ಲ.

ಹೆಪ್ಪುಗಟ್ಟಿತ್ತೇ ಎಂಬ ಅನುಮಾನ ಬಂದರೆ ಒಂದು ಪರೀಕ್ಷೆ ಇದೆ. ಸರಿಯಾಗಿದೆ ಎಂದು ಗೊತ್ತಿರುವ ಅದೇ ಬ್ಯಾಚಿನ ಬಾಟಲಿಯನ್ನೂ ಅನುಮಾನದ ಬಾಟಲಿಯನ್ನೂ ಒಟ್ಟಿಗೆ ಚೆನ್ನಾಗಿ ಕುಲುಕಿ ಮೇಜಿನ ಮೇಲೆ ಅರ್ಧ ಗಂಟೆ ಇಡಿ. ಒಳ್ಳೆಯದು ಮಜ್ಜಿಗೆಯಂತೆ ಒಂದೇ ಸಮ ಮಬ್ಬಾಗಿ ಉಳಿಯುತ್ತದೆ. ಹೆಪ್ಪುಗಟ್ಟಿದ್ದರಲ್ಲಿ ಬಿಳಿ ಚೂರುಗಳು ಬೇಗ ಬೇಗ ತಳಕ್ಕಿಳಿದು ಮೇಲೆ ತಿಳಿನೀರು ನಿಲ್ಲುತ್ತದೆ. ಅಂಥದನ್ನು ಚೆಲ್ಲುವುದೇ ಸರಿ. ಎಣ್ಣೆ ಬೆರೆಸಿದ ಲಸಿಕೆಗೆ ಈ ಪರೀಕ್ಷೆ ಅನ್ವಯಿಸುವುದಿಲ್ಲ.

ಹಂತ 4: ಹಿಂಡನ್ನು ಸಿದ್ಧಮಾಡಿ

ಹೊಟ್ಟೆಹುಳ ತುಂಬಿದ, ಸೊರಗಿದ ದೇಹ ಲಸಿಕೆಗೆ ಸರಿಯಾಗಿ ಸ್ಪಂದಿಸದು. ಜಂತುನಾಶಕವನ್ನು 10ರಿಂದ 14 ದಿನ ಮುಂಚೆ ತೂಕ ನೋಡಿ ಕುಡಿಸಿ. ಗಬ್ಬದವುಗಳಿಗೆ ಯಾವ ಔಷಧಿ ಎಂದು ಕೇಳದೆ ಕೊಡಬೇಡಿ, ಕೆಲವು ಗಬ್ಬಕ್ಕೆ ಆಗುವುದಿಲ್ಲ. ಜ್ವರ, ಭೇದಿ, ಕೆಮ್ಮು ಇರುವುದನ್ನು ಬೇರೆ ಕಟ್ಟಿ, ಗುಣವಾದ ಮೇಲೆ ಹಾಕಿಸಿ. ಬಿಟ್ಟುಹೋದವುಗಳ ಪಟ್ಟಿ ಇಡದಿದ್ದರೆ ಅವು ಬಿಟ್ಟೇ ಹೋಗುತ್ತವೆ.

ಪಿಪಿಆರ್ ಕೂಡ ಹಾಕಿಸಬೇಕಿದ್ದರೆ ಎರಡರ ನಡುವೆ ಎರಡು ಮೂರು ವಾರ ಬಿಡಿ. ಯಾವ ಕಾರಣಕ್ಕೂ ಒಂದೇ ಸಿರಿಂಜಿನಲ್ಲಿ ಬೆರೆಸಬೇಡಿ.

ಹಂತ 5: ಬೆಳಗ್ಗೆಯೇ ಮುಗಿಸಿ

ಆರು ಗಂಟೆಗೆ ಶುರುಮಾಡಿ ಒಂಬತ್ತರೊಳಗೆ ಮುಗಿಸುವಂತಿರಲಿ. ಮೇಯಲು ಬಿಡುವ ಮುಂಚೆ, ರೊಪ್ಪದಲ್ಲೇ. ಮಳೆಯಲ್ಲಿ ನೆನೆದ, ಕೆಸರು ಮೆತ್ತಿದ ಮೈಗೆ ಸೂಜಿ ಹಾಕಿದರೆ ಮಣ್ಣಿನ ಬೀಜಕಣವನ್ನು ನಾವೇ ಒಳಗೆ ನೂಕಿದಂತೆ. ಮೂವರು ಬೇಕು: ಹಿಡಿಯುವವರು, ಹಾಕುವವರು, ಬಣ್ಣ ಹಚ್ಚಿ ಬರೆಯುವವರು. ಹಿಡಿಯುವಾಗ ಉಣ್ಣೆ ಜಗ್ಗಬೇಡಿ, ಗದ್ದದ ಕೆಳಗೆ ಒಂದು ಕೈ, ಹಿಂಬದಿಗೆ ಒಂದು ಕೈ. ಗಬ್ಬದವುಗಳನ್ನು ಓಡಾಡಿಸದೆ ಮೊದಲು ಮುಗಿಸಿ ಬಿಟ್ಟುಬಿಡಿ. ಗಬ್ಬ ಇಳಿದರೆ ಜನ ಲಸಿಕೆಯನ್ನು ದೂರುತ್ತಾರೆ, ತಪ್ಪು ಹೆಚ್ಚಾಗಿ ಹಿಡಿದಾಡಿದ ರೀತಿಯದ್ದು.

ಬಾಟಲಿಯನ್ನು ಬಿಸಿಲಿಗೆ ಇಡದೆ, ಒಂದೊಂದಾಗಿ ಪೆಟ್ಟಿಗೆಯಿಂದ ತೆಗೆಯಿರಿ.

ಹಂತ 6: ಸೂಜಿ ಹಾಕುವ ಕ್ರಮ

ಚರ್ಮದಡಿ ಹಾಕುವ ಲಸಿಕೆ ಇದು, ಮಾಂಸಖಂಡಕ್ಕಲ್ಲ. ಮುಂಗಾಲಿನ ಮೊಣಕೈ ಹಿಂದೆ ಪಕ್ಕೆಲುಬಿನ ಮೇಲಿನ ಸಡಿಲ ಚರ್ಮ, ಇಲ್ಲವೇ ಕತ್ತಿನ ಪಕ್ಕ. ತೊಡೆಗೆ ಬೇಡ. ಅಲ್ಲಿ ಸಡಿಲ ಚರ್ಮವೂ ಕಡಿಮೆ, ನರಕ್ಕೆ ತಾಗಿದರೆ ಕುಂಟುತ್ತದೆ, ಒಳ್ಳೆಯ ಮಾಂಸವೂ ಕೆಡುತ್ತದೆ. ಮಾರುವ ಹೋತಕ್ಕೆ ಕತ್ತಿನ ಮೇಲೆ ಗಂಟು ಬಂದರೆ ಗಿರಾಕಿ ಬೆಲೆ ಇಳಿಸುತ್ತಾನೆ, ಹಾಗಾಗಿ ಮೊಣಕೈ ಹಿಂದೆಯೇ ವಾಸಿ.

ಬಾಟಲಿಯನ್ನು ತಲೆಕೆಳಗು ಮಾಡಿ ಚೆನ್ನಾಗಿ ಕುಲುಕಿ. ಒಂದು ಶುದ್ಧ ಸೂಜಿಯನ್ನು ರಬ್ಬರ್ ಬಿರಡೆಗೆ ಚುಚ್ಚಿ ಅಲ್ಲೇ ಬಿಡಿ, ಸಿರಿಂಜನ್ನು ಅದಕ್ಕೇ ಸಿಕ್ಕಿಸಿ ಎಳೆದುಕೊಳ್ಳಿ. ಮೈಗೆ ಚುಚ್ಚಿದ ಸೂಜಿ ಮತ್ತೆ ಬಾಟಲಿಗೆ ಹೋಗಬಾರದು. ಸಿರಿಂಜಿನಲ್ಲಿ ಗಾಳಿಗುಳ್ಳೆ ಇದ್ದರೆ ಅಷ್ಟು ಲಸಿಕೆ ಕಡಿಮೆ ಬೀಳುತ್ತದೆ, ಮೇಲ್ಮುಖ ಮಾಡಿ ತೆಗೆಯಿರಿ.

ಎಡಗೈಯಲ್ಲಿ ಚರ್ಮ ಎತ್ತಿ ಗುಡಾರದಂತೆ ಮಾಡಿ. ಅದರ ಬುಡಕ್ಕೆ, ಪಕ್ಕೆಗೆ ಸಮಾನಾಂತರವಾಗಿ ಸೂಜಿ ತೂರಿಸಿ. ಪಿಸ್ಟನ್ ಸ್ವಲ್ಪ ಹಿಂದಕ್ಕೆಳೆದು ರಕ್ತ ಬರಲಿಲ್ಲ ಎಂದು ನೋಡಿ ನಿಧಾನವಾಗಿ ಒತ್ತಿ. ಬೆರಳಿಗೆ ಒದ್ದೆ ತಾಗಿತೇ? ಸೂಜಿ ಆಚೆ ಬದಿಗೆ ತೂರಿದೆ, ಲಸಿಕೆ ಉಣ್ಣೆಯ ಮೇಲೆ ಚೆಲ್ಲಿದೆ. ಅವಸರದಲ್ಲಿ ಇದು ಹೆಚ್ಚು. ಅಂಥದಕ್ಕೆ ಗುರುತು ಹಚ್ಚುವ ಮುನ್ನ ಮತ್ತೆ ಹಾಕಬೇಕು.

ಪ್ರತಿ ಕುರಿಗೆ ಹೊಸ ಸೂಜಿ ಉತ್ತಮ. ಅದು ಸಾಧ್ಯವೇ ಇಲ್ಲದ ದೊಡ್ಡ ಹಿಂಡಿನಲ್ಲಿ ಹತ್ತಕ್ಕೊಂದು ಎನ್ನುವುದು ಕೊನೆಯ ಮಿತಿ. ಬಗ್ಗಿದ್ದು, ಮೊಂಡಾದದ್ದು, ನೆಲಕ್ಕೆ ಬಿದ್ದದ್ದು ತಕ್ಷಣ ಡಬ್ಬಕ್ಕೆ. ನಾಲ್ಕೈದು ಕುರಿಗೊಮ್ಮೆ ಬಾಟಲಿ ಮತ್ತೆ ಕುಲುಕಿ. ಆಲಮ್ ತಳಕ್ಕೆ ಕೂತಿದ್ದರೆ ಮೊದಲ ಕುರಿಗಳಿಗೆ ಬರೀ ನೀರು, ಕೊನೆಯವಕ್ಕೆ ಬರೀ ಗಸಿ.

ಸೂಜಿ ನಿಮ್ಮ ಕೈಗೇ ಚುಚ್ಚಿದರೆ ಸೋಪು ನೀರಿನಲ್ಲಿ ತೊಳೆದು, ಲೇಬಲ್ ಸಮೇತ ವೈದ್ಯರ ಬಳಿ ಹೋಗಿ. ಎಣ್ಣೆ ಬೆರೆಸಿದ ಲಸಿಕೆ ಬೆರಳಿಗೆ ಹೋದರೆ ಅದು ತುರ್ತು ವಿಷಯ, ನಾಳೆಗೆ ತಳ್ಳುವಂತಿಲ್ಲ.

ಹಂತ 7: ಹಾಕಿದ ಮೇಲೆ

ಅರ್ಧ ಗಂಟೆ ಹಿಂಡನ್ನು ಕಣ್ಣಳತೆಯಲ್ಲೇ ಇಟ್ಟುಕೊಳ್ಳಿ. ಏದುಸಿರು, ತುಟಿ ಕಣ್ಣು ಊತ, ನಡುಕ, ಕುಸಿದು ಬೀಳುವುದು ಕಂಡರೆ ಅದು ತೀವ್ರ ಅಲರ್ಜಿ. ಬಹಳ ಅಪರೂಪ, ಆದರೆ ಆಗ ನಿಮಿಷಗಳ ಲೆಕ್ಕ. ವೈದ್ಯರ ಬಳಿ ಅಡ್ರಿನಲಿನ್ ಇದೆಯೇ ಎಂದು ಶುರುಮಾಡುವ ಮುಂಚೆಯೇ ಕೇಳಿಕೊಂಡಿರಿ.

ಒಂದೆರಡು ದಿನ ಮಂಕು, ಸಣ್ಣ ಜ್ವರ, ಮೇವು ಕಡಿಮೆ. ಸೂಜಿ ಹಾಕಿದಲ್ಲಿ ಅಡಿಕೆ, ನಿಂಬೆ ಗಾತ್ರದ ಗಂಟು ಬರಬಹುದು. ಆಲಮ್ ನಿಧಾನವಾಗಿ ಕರಗುವುದರಿಂದ ಹಾಗೆ. ಕೆಲವು ವಾರಗಳಲ್ಲಿ ಇಳಿಯುತ್ತದೆ. ಬರೆ ಹಾಕಬೇಡಿ, ಕೊಯ್ಯಬೇಡಿ, ಸುಣ್ಣ ಬಳಿಯಬೇಡಿ. ಗಂಟು ಬಿಸಿಯಾಗಿ, ದಿನದಿನಕ್ಕೆ ದೊಡ್ಡದಾಗಿ ಮೆತ್ತಗಾದರೆ ಕೀವು ಕಟ್ಟಿದೆ, ಅಂದರೆ ಸೂಜಿ ಕೊಳೆಯಾಗಿತ್ತು.

ಬಳಸಿದ ಸೂಜಿಗಳ ಡಬ್ಬವನ್ನು ಪಶು ಆಸ್ಪತ್ರೆಗೆ ಕೊಡಿ. ತಿಪ್ಪೆಗೆ ಹಾಕಿದರೆ ಗೊಬ್ಬರದ ಜೊತೆ ಹೊಲಕ್ಕೆ, ಅಲ್ಲಿಂದ ಯಾರದೋ ಅಂಗಾಲಿಗೆ.

ಹಂತ 8: ಎರಡನೇ ಡೋಸ್, ಬರವಣಿಗೆ

ತಾರೀಕು, ಲಸಿಕೆ ಹೆಸರು, ಬ್ಯಾಚ್ ಸಂಖ್ಯೆ, ಡೋಸ್, ಕಿವಿ ಓಲೆಯ ಸಂಖ್ಯೆ, ಬೂಸ್ಟರ್ ತಾರೀಕು: ಇಷ್ಟು ಬರೆಯಿರಿ. ಬೂಸ್ಟರ್ ತಾರೀಕನ್ನು ಫೋನಿನಲ್ಲಿ ಅಲಾರಂ ಮಾಡಿ, ಕೊಟ್ಟಿಗೆಯ ಗೋಡೆಯ ಮೇಲೂ ಸೀಮೆಸುಣ್ಣದಲ್ಲಿ ಬರೆಯಿರಿ. ಒಂದು ವಾರ ತಡವಾದರೆ ಹಾಕಿಸಿಯೇ ಬಿಡಿ, ಮೊದಲಿನಿಂದ ಶುರುಮಾಡಬೇಕಿಲ್ಲ. ತಡವಾದಷ್ಟು ದಿನ ರಕ್ಷಣೆಯಿಲ್ಲ ಎಂದು ಮಾತ್ರ ತಿಳಿದಿರಿ. ತಿಂಗಳುಗಟ್ಟಲೆ ತಡವಾದರೆ ವೈದ್ಯರು ಎರಡೂ ಡೋಸ್ ಹೊಸದಾಗಿ ಹಾಕಲು ಹೇಳಬಹುದು.

ಮೇವಿನ ಮಾತು

ಲಸಿಕೆಯಾಗಿದೆ ಎಂದು ಕಲ್ಯಾಣ ಮಂಟಪದ ಉಳಿದ ಅನ್ನವನ್ನು ಬಕೆಟ್‌ಗಟ್ಟಲೆ ಸುರಿಯುವಂತಿಲ್ಲ. ನಗರದ ಅಂಚಿನಲ್ಲಿ ಮದುವೆ ಸೀಸನ್‌ಗೂ ಕುರಿ ಸಾವಿಗೂ ಇರುವ ನಂಟು ಇದೇ. ಒಮ್ಮೆಲೇ ಅನ್ನ ತಿಂದ ಕುರಿಯ ದೊಡ್ಡ ಹೊಟ್ಟೆ ಹುಳಿಯಾಗುತ್ತದೆ, ಅದನ್ನು ಆಮ್ಲೀಯ ಅಜೀರ್ಣ ಎನ್ನುತ್ತಾರೆ. ಹೊಟ್ಟೆ ಉಬ್ಬಿ, ಹಲ್ಲು ಕಡಿದು, ಒಂದೆರಡು ದಿನದಲ್ಲಿ ಸಾಯುತ್ತದೆ. ಇದಕ್ಕೆ ಯಾವ ಲಸಿಕೆಯೂ ಇಲ್ಲ. "ಲಸಿಕೆ ಕೆಲಸ ಮಾಡಲಿಲ್ಲ" ಎನ್ನುವ ದೂರಿನಲ್ಲಿ ಇಂಥವೂ ಸೇರಿರುತ್ತವೆ.

ಹಿಂಡಿ, ಮೆಕ್ಕೆಜೋಳದ ನುಚ್ಚನ್ನು ದಿನಕ್ಕೆ 50 ಗ್ರಾಂನಿಂದ ಶುರುಮಾಡಿ ಮೂರು ದಿನಕ್ಕೊಮ್ಮೆ 50 ಗ್ರಾಂನಂತೆ ಏರಿಸಿ, ಎರಡು ಹೊತ್ತಿಗೆ ಹಂಚಿ. ಮೊದಲು ರಾಗಿ ಹುಲ್ಲು ಅಥವಾ ತೊಗರಿ ಹೊಟ್ಟು, ಆಮೇಲೆ ಹಿಂಡಿ. ಎಳೆ ಹುಲ್ಲಿಗೂ ಅಷ್ಟೇ: ಮನೆಯಲ್ಲಿ ಒಣಮೇವು ತಿನ್ನಿಸಿ ಬಿಡಿ, ಮೊದಲ ವಾರ ಒಂದೆರಡು ಗಂಟೆ ಮಾತ್ರ. ಕೊಯ್ದ ರಾಗಿ ಹೊಲಕ್ಕೂ ಇದೇ ಕ್ರಮ.

ದನ, ಎಮ್ಮೆ ಇದ್ದರೆ: ಚಪ್ಪೆ ಬೇನೆ

ಆರು ತಿಂಗಳಿಂದ ಎರಡು ವರ್ಷದ, ಮೈತುಂಬಿದ ಕರು, ಕಡಸುಗಳಿಗೆ ಹೆಚ್ಚು. ಏಕಾಏಕಿ ಕುಂಟು, ಜೋರು ಜ್ವರ, ತೊಡೆ ಅಥವಾ ಹೆಗಲಲ್ಲಿ ಊತ. ಊತ ಒತ್ತಿದರೆ ಒಳಗೆ ಗಾಳಿ ತುಂಬಿ ಚರಚರ ಸದ್ದು. ಒಂದೆರಡು ದಿನದಲ್ಲಿ ಸಾವು. ಕುಂಟು ಕಂಡ ಮೊದಲ ಗಂಟೆಗಳಲ್ಲೇ ವೈದ್ಯರು ಪೆನ್ಸಿಲಿನ್ ಕೊಟ್ಟರೆ ಕೆಲವು ಬದುಕುತ್ತವೆ.

ಲಸಿಕೆ ಆರು ತಿಂಗಳ ವಯಸ್ಸಿನಿಂದ, ವರ್ಷಕ್ಕೊಮ್ಮೆ, ಮುಂಗಾರಿಗೆ ಮುನ್ನ. ಗಳಲೆ ರೋಗದ ಲಸಿಕೆಯೊಂದಿಗೆ ಕೂಡಿದ ಬಾಟಲಿಯೂ ಸಿಗುತ್ತದೆ. ಆರು ತಿಂಗಳಿಗೊಮ್ಮೆ ಮನೆ ಬಾಗಿಲಿಗೇ ಬಂದು ಹಾಕುವ ಕಾಲುಬಾಯಿ ಲಸಿಕೆಯಲ್ಲಿ ಚಪ್ಪೆ ಬೇನೆಯ ರಕ್ಷಣೆ ಇಲ್ಲ. "ಗೌರ್ಮೆಂಟ್ ಇಂಜೆಕ್ಷನ್ ಆಗಿದೆ" ಎಂದು ಸುಮ್ಮನಾಗದೆ ಯಾವುದು ಆಯಿತು ಎಂದು ಕೇಳಿ.

ಅಷ್ಟಾದರೂ ಒಂದು ಸತ್ತರೆ

ಮೂಗು, ಬಾಯಿ, ಗುದದಿಂದ ಕಪ್ಪು ರಕ್ತ ಒಸರುತ್ತಿದ್ದರೆ ಹೆಣವನ್ನು ಮುಟ್ಟಬೇಡಿ, ಕೊಯ್ಯಲೇಬೇಡಿ. ಅದು ನೆರಡಿ ರೋಗ, ಅಂದರೆ ಆಂಥ್ರಾಕ್ಸ್ ಇರಬಹುದು, ಮನುಷ್ಯರಿಗೂ ಹರಡುತ್ತದೆ. ಸತ್ತ ಪ್ರಾಣಿಯ ಮಾಂಸ ಹಂಚುವುದು, ಚರ್ಮ ಸುಲಿಯುವುದು ಬೇಡ. ನಾಯಿಗಳಿಗೂ ಸಿಗದಂತೆ ಕಾಯಿರಿ.

ರಕ್ತ ಒಸರಲಿ, ಒಸರದಿರಲಿ, ಸ್ಥಳೀಯ ಪಶುವೈದ್ಯರಿಗೆ ತಕ್ಷಣ ತಿಳಿಸಿ. ಜಾನುವಾರು ಆಂಬುಲೆನ್ಸ್ ಸೇವೆಯ ಸಂಖ್ಯೆ 1962. ಕರುಳು ಬೇನೆಯಲ್ಲಿ ಮೂತ್ರಪಿಂಡ ಮೆತ್ತಗೆ ಮುದ್ದೆಯಾಗಿರುತ್ತದೆ, ಹೃದಯದ ಸುತ್ತ ನೀರು ನಿಂತಿರುತ್ತದೆ. ಆದರೆ ಬಿಸಿಲಿನಲ್ಲಿ ಅರ್ಧ ದಿನ ಬಿದ್ದ ಯಾವ ಹೆಣದ ಮೂತ್ರಪಿಂಡವೂ ಮೆತ್ತಗಾಗುತ್ತದೆ, ಆಮೇಲೆ ಏನೂ ಹೇಳಲಾಗದು. ರಕ್ತ ಒಸರದ ಹೆಣವನ್ನು ನೆರಳಿಗೆ ಎಳೆದು, ಒದ್ದೆ ಗೋಣಿ ಹೊದಿಸಿ, ಕೆಲವು ಗಂಟೆಯೊಳಗೆ ಮರಣೋತ್ತರ ಪರೀಕ್ಷೆ ಆಗುವಂತೆ ನೋಡಿ. ವೈದ್ಯರು ಕರುಳಿನ ದ್ರವವನ್ನು ಕ್ಲೋರೋಫಾರ್ಮ್ ಹನಿ ಹಾಕಿ ಐಸ್‌ನಲ್ಲಿಟ್ಟು ಹೆಬ್ಬಾಳದ ಪ್ರಯೋಗಾಲಯಕ್ಕೆ ಕಳಿಸಿದರೆ ವಿಷ ಇತ್ತೇ ಇಲ್ಲವೇ ಗೊತ್ತಾಗುತ್ತದೆ. ವಿಮೆಗೂ ಸರ್ಕಾರದ ಅನುಗ್ರಹ ಯೋಜನೆಯ ಪರಿಹಾರಕ್ಕೂ ಈ ವರದಿ, ಕಿವಿ ಓಲೆ ಸಮೇತ ಫೋಟೋ ಬೇಕಾಗುತ್ತದೆ, ಹೂಳುವ ಮುಂಚೆಯೇ ತೆಗೆದಿಟ್ಟುಕೊಳ್ಳಿ.

ಹೂಳುವ ಗುಂಡಿ ಆರು ಅಡಿ ಆಳ, ಬಾವಿ, ಬೋರ್‌ವೆಲ್, ಕೆರೆಯಿಂದ ದೂರ. ಮೇಲೆ ಸುಣ್ಣ, ಅದರ ಮೇಲೆ ಮಣ್ಣು, ಸುತ್ತ ಮುಳ್ಳು. ಉಳಿದ ಕುರಿ, ಮೇಕೆಗಳಿಗೆ ಅಂದೇ ನುಚ್ಚು, ಹಿಂಡಿ ನಿಲ್ಲಿಸಿ ಬರೀ ಒಣಮೇವು ಹಾಕಿ, ಲಸಿಕೆ ಮತ್ತೆ ಬೇಕೇ ಎಂದು ವೈದ್ಯರಿಗೆ ನಿಮ್ಮ ನೋಟ್‌ಬುಕ್ಕು ತೋರಿಸಿ ಕೇಳಿ.